ಕ್ಯಾಡೋ ಕೆರೆಯನ್ನು ದಡದಿಂದ ನೋಡಿ ಬರಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದವರ ಪ್ರವಾಸ ಲೇಖನಗಳು ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಹೆಚ್ಚಿನವು ನಯಾಗರ, ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಾಸ್ ಸುತ್ತಿಕೊಂಡು ಮುಗಿಯುತ್ತವೆ. ವಿಮಾನ ಹತ್ತದೆ, ಹೋಟೆಲಿಗೆ ದುಡ್ಡು ಸುರಿಯದೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ತಲುಪಬಹುದಾದ ಸ್ಟೇಟ್ ಪಾರ್ಕುಗಳ ಸುದ್ದಿ ಅಪರೂಪ. ಟೆಕ್ಸಾಸಿನ ಡಲ್ಲಾಸ್ ಸುತ್ತಮುತ್ತ ಕನ್ನಡದ ಮನೆಗಳಿಗೇನೂ ಕಡಿಮೆಯಿಲ್ಲ. ಅಲ್ಲಿಂದ ಪೂರ್ವಕ್ಕೆ ಮೂರು ಗಂಟೆಯ ದಾರಿಯಲ್ಲಿರುವ ಕ್ಯಾಡೋ ಲೇಕ್ ಸ್ಟೇಟ್ ಪಾರ್ಕಿಗೆ ಹೋದವರಲ್ಲೂ ಅರ್ಧಕ್ಕರ್ಧ ಜನ ದಡದಲ್ಲಿ ನಿಂತು ನಾಲ್ಕು ಫೋಟೊ ಹೊಡೆದು, 'ಇಷ್ಟೇನಾ' ಎಂದು ತಿರುಗಿ ಬರುತ್ತಾರೆ. ಈ ಕೆರೆ ದಡಕ್ಕೆ ಕಾಣಿಸಿಕೊಳ್ಳುವುದಿಲ್ಲ. ದೋಣಿಯಲ್ಲಿ ಕೂರಲೇಬೇಕು, ಕೂರುವ ಮುನ್ನ ಮನೆಯಲ್ಲೇ ಒಂದಿಷ್ಟು ತಯಾರಿ ಆಗಬೇಕು. ಈ ಪತ್ರ ಆ ತಯಾರಿಯ ಬಗ್ಗೆ.

ಮೊದಲು 'ಪಾರ್ಕು' ಎಂಬ ಮಾತಿನ ಗೊಂದಲ. ಕಬ್ಬನ್ ಪಾರ್ಕೋ ಲಾಲ್‌ಬಾಗೋ ಮನಸ್ಸಿನಲ್ಲಿದ್ದರೆ ನಿರಾಸೆಯಾಗುತ್ತದೆ. ಇಲ್ಲಿ ಚುರುಮುರಿ ಗಾಡಿಯಿಲ್ಲ, ಎಳನೀರಿಲ್ಲ, 'ಬನ್ನಿ ಸಾರ್, ಬೋಟಿಂಗ್' ಎಂದು ಕೂಗುವವರೂ ಇಲ್ಲ. ಸ್ಟೇಟ್ ಪಾರ್ಕ್ ಎಂದರೆ ಆ ರಾಜ್ಯದ ಇಲಾಖೆ ನೋಡಿಕೊಳ್ಳುವ ಕಾಡು, ನೀರು, ಕಾಲುದಾರಿ, ಡೇರೆ ಹೂಡುವ ಜಾಗ. ಒಂದು ಮೇಜು, ಒಂದು ಬೆಂಕಿಗೂಡು, ಒಂದು ನಲ್ಲಿ. ಮಿಕ್ಕಿದ್ದು ನಾವೇ ಒಯ್ದದ್ದು. ಪಾರ್ಕಿನ ಬಾಗಿಲಿಗೆ ಹತ್ತಿರದ ಊರು ಕಾರ್ನ್ಯಾಕ್, ಸಣ್ಣ ಹಳ್ಳಿ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಹುಟ್ಟಿದ್ದು ಅಲ್ಲೇ, 1912ರಲ್ಲಿ. ದೋಣಿಗಳು ಹೊರಡುವ ಇನ್ನೊಂದು ಊರಿನ ಹೆಸರು ಅನ್ಸರ್ಟನ್, ಅಂದರೆ 'ಅನಿಶ್ಚಿತ'. ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಹಾಲು, ಹಣ್ಣು, ಐಸು, ಪೆಟ್ರೋಲು ಎಲ್ಲವನ್ನೂ ಐ-20 ಹೆದ್ದಾರಿ ಬಿಡುವ ಮುನ್ನ ಮಾರ್ಷಲ್ ಊರಿನಲ್ಲೇ ತುಂಬಿಸಿಕೊಳ್ಳಿ.

ಇದನ್ನು ಕೆರೆ ಅನ್ನಬೇಕೋ ಸರೋವರ ಅನ್ನಬೇಕೋ ಎಂದು ಕೇಳಿದರೆ ಎರಡೂ ಸರಿಯೇ. ಪಕ್ಕದ ರೆಡ್ ನದಿಯಲ್ಲಿ ಬಿದ್ದ ಮರಗಳು ಒಂದಕ್ಕೊಂದು ಸಿಕ್ಕಿಕೊಂಡು ನೂರು ಮೈಲಿಗೂ ಉದ್ದದ ಕಟ್ಟೆಯಂತೆ ನಿಂತಿದ್ದವು. ಅದಕ್ಕೆ 'ಗ್ರೇಟ್ ರಾಫ್ಟ್' ಎಂದು ಹೆಸರು. ನೀರು ಹಿಂದಕ್ಕೆ ಒತ್ತಿ, ತಗ್ಗಿನ ಕಾಡೆಲ್ಲ ಮುಳುಗಿ ಕೆರೆಯಾಯಿತು. ಭೂಕಂಪದಿಂದ ನೆಲ ಕುಸಿದು ಆದದ್ದು ಎಂಬ ಕಥೆ ಅಲ್ಲಿನವರ ಬಾಯಲ್ಲಿ ಈಗಲೂ ಇದೆ, ಭೂವಿಜ್ಞಾನಿಗಳು ಒಪ್ಪುವುದು ಮರದ ಕಟ್ಟೆಯ ವಿವರಣೆಯನ್ನು. 1873ರಲ್ಲಿ ನೈಟ್ರೋಗ್ಲಿಸರಿನ್ ಇಟ್ಟು ಆ ಕಟ್ಟೆಯನ್ನು ಒಡೆದದ್ದೇ ನೀರು ಇಳಿಯಿತು, ಜೆಫರ್ಸನ್ ಊರಿನ ತನಕ ಬರುತ್ತಿದ್ದ ಉಗಿ ದೋಣಿಗಳ ವ್ಯಾಪಾರ ಮುಳುಗಿತು. ಕೆರೆ ಪಕ್ಕದ ಲೂಸಿಯಾನ ರಾಜ್ಯಕ್ಕೂ ಚಾಚಿದೆ. 1914ರಲ್ಲಿ ಆ ಬದಿಯಲ್ಲಿ ಕಟ್ಟೆ ಹಾಕಿ ನೀರು ನಿಲ್ಲಿಸಿದರು, 1971ರಲ್ಲಿ ಅದರ ಬದಲಿಗೆ ಹೊಸದು ಬಂತು. ಅಂದರೆ ನಮ್ಮ ಲೆಕ್ಕದಲ್ಲಿ ಏರಿ ಇದೆ, ಕೋಡಿ ಇದೆ, ಕೆರೆಯೇ ಸೈ. ಹೆಸರು ಮಾತ್ರ ಇಲ್ಲಿ ಮೊದಲಿದ್ದ ಕ್ಯಾಡೋ ಜನರದ್ದು. ಅವರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದಬ್ಬಲಾಯಿತು, ಅವರ ಇಂದಿನ ನೆಲೆ ಓಕ್ಲಹೋಮ.

ಈ ಚರಿತ್ರೆ ದೋಣಿಗೂ ಬೇಕಾದದ್ದು. ಮುಳುಗಿದ ಕಾಡಾದ್ದರಿಂದ ಕೆರೆ ಆಳವಿಲ್ಲ. ಹೆಚ್ಚಿನ ಕಡೆ ಎಂಟು ಹತ್ತು ಅಡಿ, ಪಾರ್ಕಿನ ಮಗ್ಗುಲಲ್ಲಿ ಹರಿಯುವ ಬಿಗ್ ಸೈಪ್ರೆಸ್ ಬಾಯೂ ಎಂಬ ಹೊಳೆಯಲ್ಲಿ ಸುಮಾರು ಇಪ್ಪತ್ತು ಅಡಿ. ನಡುನೀರಿನಲ್ಲೇ ಮರ ನಿಂತಿರುತ್ತದೆ. ಬಾಲ್ಡ್ ಸೈಪ್ರೆಸ್ ಎಂಬ ಈ ಮರ ಪೈನ್ ಜಾತಿಗೆ ದೂರದ ನೆಂಟನಾದರೂ ಚಳಿಗೆ ಎಲೆ ಉದುರಿಸುತ್ತದೆ, 'ಬೋಳು' ಎಂಬ ಹೆಸರು ಅದಕ್ಕೇ. ಬುಡ ಗುಡಾಣದಂತೆ ಊದಿಕೊಂಡಿರುತ್ತದೆ. ಸುತ್ತ ಬೇರಿನಿಂದ ಮೊಣಕಾಲಿನಷ್ಟು ಎತ್ತರದ ಮೊಳೆಗಳು ಎದ್ದಿರುತ್ತವೆ. ಅವಕ್ಕೆ 'ನೀ' ಅಂದರೆ ಮೊಣಕಾಲು ಎಂದೇ ಹೆಸರು. ನೀರು ತುಸು ಏರಿದ ದಿನ ಇವು ಮೇಲ್ಮೈಗಿಂತ ಒಂದು ಗೇಣು ಕೆಳಗೆ ಅಡಗಿ ಕೂತಿರುತ್ತವೆ. ದೋಣಿ ಸಿಕ್ಕಿಕೊಳ್ಳುವುದು ಇಲ್ಲೇ. ಒಂದು ಬಗೆಯ ಗಮ್ಮತ್ತಿನ ಸಂಗತಿ: ನಡುನೀರಿನಲ್ಲಿ ಎಳೆಯ ಸೈಪ್ರೆಸ್ ಗಿಡ ಹುಡುಕಿ ನೋಡಿ, ಸಿಗುವುದು ಕಷ್ಟ. ಬೀಜ ನೀರೊಳಗೆ ಮೊಳೆಯುವುದಿಲ್ಲ. ನೀರು ಹಿಂದೆ ಸರಿದು ಹಸಿ ಕೆಸರು ತೆರೆದುಕೊಳ್ಳಬೇಕು, ಮತ್ತೆ ನೀರು ಬರುವಷ್ಟರಲ್ಲಿ ಸಸಿಯ ತಲೆ ಮೇಲಿರಬೇಕು. ಕಟ್ಟೆ ಬಂದ ಮೇಲೆ ನೀರು ಹಾಗೆ ಸರಿಯುವುದು ಅಪರೂಪವಾಗಿದೆ.

ಯಾವಾಗ ಹೋಗಬೇಕು? ಇಲ್ಲಿ ನಮ್ಮವರ ಲೆಕ್ಕ ತಪ್ಪುತ್ತದೆ. ಅಪ್ಪ ಅಮ್ಮ ಬರುವುದು ಏಪ್ರಿಲ್, ಮೇ ತಿಂಗಳಿಗೆ. ಮಕ್ಕಳಿಗೆ ಶಾಲೆ ರಜೆ ಸಿಗುವುದು ಜೂನ್, ಜುಲೈಗೆ. ಕ್ಯಾಡೋಗೆ ಅತ್ಯಂತ ಕೆಟ್ಟ ತಿಂಗಳು ಈ ಜೂನ್, ಜುಲೈಗಳೇ. 35 ಡಿಗ್ರಿ ದಾಟಿದ ಬಿಸಿಲು, ಮಂಗಳೂರನ್ನು ನೆನಪಿಸುವ ಬೆವರು, ಸಂಜೆಯಾದರೆ ಸೊಳ್ಳೆಯ ಮೋಡ. ಚೆನ್ನಾಗಿರುವುದು ಮಾರ್ಚಿಯಿಂದ ಮೇ ಮೊದಲ ವಾರದ ತನಕ, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನ ತನಕ. ಇಲ್ಲಿ ರಾಜ್ಯೋತ್ಸವ ನಡೆಯುವ ಹೊತ್ತಿಗೆ ಅಲ್ಲಿ ಸೈಪ್ರೆಸ್ ಎಲೆ ತುಕ್ಕುಗೆಂಪಿಗೆ ತಿರುಗಿರುತ್ತದೆ. ಆರು ತಿಂಗಳ ಮಟ್ಟಿಗೆ ಬರುವವರು ಟಿಕೆಟ್ ಕೊಳ್ಳುವಾಗಲೇ ಮೇ ಕೊನೆಗೆ ಬಂದು ನವೆಂಬರ್ ಮೂರನೇ ವಾರ ಹಿಂತಿರುಗುವ ಹಾಗೆ ನೋಡಿಕೊಂಡರೆ ಇದೊಂದು ಸಿಗುತ್ತದೆ. ನವೆಂಬರಿನಿಂದ ಜನವರಿ ತನಕ ಕೆರೆಯ ಕೆಲವು ಭಾಗಗಳಲ್ಲಿ ಬಾತುಕೋಳಿ ಬೇಟೆಗೆ ಅನುಮತಿ ಇರುತ್ತದೆ. ಆ ದಿನಗಳಲ್ಲಿ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ, ಗುಂಡಿನ ಸದ್ದು ಕೇಳಿದರೆ ಆ ದಿಕ್ಕಿಗೆ ಹೋಗಬೇಡಿ.

ಬುಕಿಂಗ್ ಇಲ್ಲದೆ ಹೋಗಬೇಡಿ. ಟೆಕ್ಸಾಸ್ ಸ್ಟೇಟ್ ಪಾರ್ಕುಗಳಲ್ಲಿ ಒಂದು ದಿನದ ಪ್ರವೇಶವನ್ನು ಒಂದು ತಿಂಗಳು ಮೊದಲು, ರಾತ್ರಿ ಉಳಿಯುವ ಜಾಗವನ್ನು ಐದು ತಿಂಗಳು ಮೊದಲು ಆನ್‌ಲೈನಿನಲ್ಲಿ ಕಾದಿರಿಸಬಹುದು. ಹನ್ನೆರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ನವೆಂಬರಿನ ಶನಿವಾರ ಬೇಕಿದ್ದವರು ಜೂನ್‌ನಲ್ಲೇ ಎದ್ದು ಕೂರಬೇಕು, ಇಲ್ಲವೇ ಮಂಗಳವಾರ ಹೋಗಬೇಕು. ನಿವೃತ್ತರಾದವರಿಗೆ ಮಂಗಳವಾರವಾದರೇನು! ಒಂದು ಡೇರೆ ಜಾಗಕ್ಕೆ ಎಂಟು ಜನ ಮಿತಿ. ಮೂರು ಸಂಸಾರ ಒಟ್ಟಿಗೆ ಹೊರಟರೆ ಎರಡು ಜಾಗ ಬೇಕಾಗುತ್ತದೆ. ನೆಲದಲ್ಲಿ ಮಲಗಲಾಗದ ಹಿರಿಯರಿದ್ದರೆ ಮರದ ಕ್ಯಾಬಿನ್‌ಗಳಿವೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಹುಡುಗರಿಗೆ ಸರಕಾರ ಕೆಲಸ ಕೊಟ್ಟ ಸಿಸಿಸಿ ಯೋಜನೆಯವರು ಈ ಪಾರ್ಕನ್ನು ಕಟ್ಟಿದರು. ಅವರದೇ ಹಳೆಯ ಬಿಡಾರಗಳು ಮುಂದೆ ಈ ಕ್ಯಾಬಿನ್‌ಗಳಾದವು. ಕ್ಯಾಬಿನ್ ಕೆಲವೇ ಇರುವುದರಿಂದ ಎಲ್ಲಕ್ಕಿಂತ ಮೊದಲು ಮುಗಿಯುವುದೂ ಅವೇ.

ಇನ್ನು ನೀರಿಗೆ ಇಳಿಯುವ ವಿಚಾರ. ಮೊದಲ ಸಲದವರು ಪಾರ್ಕಿನೊಳಗಿನ ಸಾ ಮಿಲ್ ಪಾಂಡ್ ಎಂಬ ಹಿನ್ನೀರಿನಲ್ಲಿ ಕನೂ ದೋಣಿ ಹಿಡಿಯುವುದು ಒಳ್ಳೆಯದು. ಮೋಟಾರು ದೋಣಿಯ ಅಲೆ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಕನೂ ಉರುಳುವುದು ನಡುಕೆರೆಯಲ್ಲಲ್ಲ, ದಡದಲ್ಲಿ, ಹತ್ತುವಾಗ. ಒಂದು ಕಾಲು ನೆಲದಲ್ಲಿ, ಒಂದು ಕಾಲು ದೋಣಿಯಲ್ಲಿಟ್ಟು 'ಸ್ವಲ್ಪ ಫೋಟೊ ತೆಗಿ' ಎನ್ನುವ ಹೊತ್ತಿಗೆ ದೋಣಿ ಜಾರಿರುತ್ತದೆ. ಒಬ್ಬರು ದೋಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಹತ್ತುವವರು ಸೊಂಟ ಬಗ್ಗಿಸಿ, ಎರಡು ಅಂಚನ್ನೂ ಹಿಡಿದು, ಪಾದವನ್ನು ಸರಿಯಾಗಿ ನಡುಗೆರೆಯ ಮೇಲೆ ಇಟ್ಟು ತಕ್ಷಣ ಕೂರಬೇಕು. ಸೀರೆ, ದುಪಟ್ಟಾ, ಸಡಿಲ ಚಪ್ಪಲಿ ಬೇಡ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಇರಲಿ. ಭಾರದವರು ಹಿಂದೆ, ಹಗುರದವರು ಮುಂದೆ, ಮಗುವಿದ್ದರೆ ನಡುವೆ ನೆಲದ ಮೇಲೆ. ಮೂತಿ ಭಾರವಾದರೆ ದೋಣಿ ಹೇಳಿದ ಮಾತು ಕೇಳುವುದಿಲ್ಲ.

ಹುಟ್ಟು ಹಾಕುವುದರಲ್ಲಿ ಒಂದೇ ಗುಟ್ಟು. ಮುಂದಿನವರು ಬರೀ ವೇಗ ಕೊಡಬೇಕು, ದಾರಿ ತಿರುಗಿಸುವುದು ಹಿಂದಿನವರ ಕೆಲಸ. ಇಬ್ಬರೂ ದಾರಿ ತಿದ್ದಲು ಹೋದರೆ ದೋಣಿ ಹಾವಿನ ಹಾಗೆ ಹೊರಳುತ್ತದೆ, ಅಲ್ಲಿಂದ ಶುರುವಾಗುವ ಗಂಡ ಹೆಂಡಿರ ಜಗಳಕ್ಕೆ ಸೈಪ್ರೆಸ್ ಮರಗಳೇ ಸಾಕ್ಷಿ. ಹಿಂದೆ ಕೂತವರು ಬಲಗಡೆ ಹುಟ್ಟು ಎಳೆದಾಗ ಮೂತಿ ಎಡಕ್ಕೆ ವಾಲುತ್ತದೆ. ಎಳೆದ ಕೊನೆಗೆ ಹುಟ್ಟಿನ ಅಲಗನ್ನು ದೋಣಿಯಿಂದ ಹೊರಮುಖಕ್ಕೆ ತುಸು ತಳ್ಳಿದರೆ ನೇರವಾಗುತ್ತದೆ. ಹತ್ತು ನಿಮಿಷ ದಡದ ಬಳಿಯೇ ಇದನ್ನು ಅಭ್ಯಾಸ ಮಾಡಿ. ಬೇರಿನ ಮೊಳೆಗೆ ಸಿಕ್ಕಿಕೊಂಡರೆ ಎದ್ದು ನಿಲ್ಲಬೇಡಿ, ಪಕ್ಕಕ್ಕೆ ಜೋಲಿ ಹೊಡೆಸಬೇಡಿ. ದೋಣಿಯ ಯಾವ ಭಾಗ ಏರಿ ಕೂತಿದೆ ನೋಡಿ, ಆ ಭಾಗದವರು ಕೂತಲ್ಲೇ ಎದುರು ತುದಿಯತ್ತ ಜರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹುಟ್ಟು ಹಾಕಿ. ಕೈಯಿಂದ ಮರ ಹಿಡಿದು ತಳ್ಳುವ ಚಪಲ ಎಲ್ಲರಿಗೂ ಬರುತ್ತದೆ. ಮರದ ಬುಡದಲ್ಲಿ ಹಾವಿರಬಹುದು, ಜೇಡ ಇರಬಹುದು, ಹುಟ್ಟಿನಿಂದಲೇ ತಳ್ಳಿ.

ಜೀವರಕ್ಷಕ ಜಾಕೆಟ್ ಪ್ರತಿಯೊಬ್ಬರಿಗೂ ಒಂದು ಇರಲೇಬೇಕು ಎಂಬುದು ಟೆಕ್ಸಾಸ್ ಕಾನೂನು. ಇಂಥ ಸಣ್ಣ ದೋಣಿಯಲ್ಲಿ ಹದಿಮೂರು ವರ್ಷದೊಳಗಿನವರು ಅದನ್ನು ಹಾಕಿಕೊಂಡೇ ಇರಬೇಕು. ದೊಡ್ಡವರು ಸೀಟಿನ ಕೆಳಗೆ ಇಟ್ಟುಕೊಂಡು ಹೋಗಬಹುದು ಎಂದು ಕಾನೂನು ಹೇಳಿದರೂ ಈಜು ಬಾರದವರು ಆ ಸಡಿಲಿಕೆಯನ್ನು ಬಳಸಬೇಡಿ. ಮಗುಚಿದ ದೋಣಿಯ ಅಡಿಯಿಂದ ಜಾಕೆಟ್ ಹುಡುಕಿ ತೊಡುವುದು ಆಗುವ ಮಾತಲ್ಲ.

ದಾರಿ ತಪ್ಪುವುದು ಕ್ಯಾಡೋದ ಅತಿ ದೊಡ್ಡ ತೊಂದರೆ. ಮೊಸಳೆಗಿಂತ ದೊಡ್ಡದು. ಎತ್ತ ತಿರುಗಿದರೂ ಅದೇ ಮರ, ಅದೇ ಜೋತುಬಿದ್ದ ಬೂದು ಜಡೆ, ಅದೇ ಕಪ್ಪು ನೀರು. ಮರಗಳ ನಡುವಿನ ಓಣಿಗಳು ಒಂದರೊಳಗೊಂದು ಕೂಡುತ್ತವೆ. ಮುಖ್ಯ ದೋಣಿದಾರಿಗಳಿಗೆ 'ಬೋಟ್ ರೋಡ್' ಎಂದು ಹೆಸರು, ಅವುಗಳ ಉದ್ದಕ್ಕೂ ನಂಬರ್ ಬರೆದ ಫಲಕಗಳಿವೆ. ಇಲಾಖೆ ಗುರುತಿಸಿದ ಹುಟ್ಟುದೋಣಿ ದಾರಿಗಳೇ ಐವತ್ತು ಮೈಲಿಗೂ ಹೆಚ್ಚು. ಕಚೇರಿಯಲ್ಲಿ ಕಾಗದದ ನಕ್ಷೆ ತೆಗೆದುಕೊಳ್ಳಿ, ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿಡಿ, ದಾಟಿದ ಫಲಕದ ನಂಬರನ್ನು ಮುಂದೆ ಕೂತವರು ಗಟ್ಟಿಯಾಗಿ ಓದಲಿ. ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಹೊರಟ ಜಾಗಕ್ಕೆ ಗುರುತು ಹಾಕಿಟ್ಟರೆ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ದಾರಿ ತೋರಿಸುತ್ತದೆ. ಹೋಗುವಾಗ ಒಂದು ಗಂಟೆ ಹಿಡಿದರೆ ಬರಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ದಣಿದ ತೋಳು ಬೇರೆ, ಮಧ್ಯಾಹ್ನದ ಎದುರುಗಾಳಿ ಬೇರೆ. ಸಿಳ್ಳೆ, ಟಾರ್ಚು, ತಲೆಗೆ ಎರಡು ಲೀಟರ್ ನೀರು. ಹುಟ್ಟು ಹಾಕಲಾಗದ ಹಿರಿಯರಿದ್ದರೆ ಪೇಚಾಡಬೇಕಿಲ್ಲ. ಅನ್ಸರ್ಟನ್ ಕಡೆಯಿಂದ ಮೋಟಾರಿನ ಅಗಲ ದೋಣಿಗಳಲ್ಲಿ ಸ್ಥಳೀಯ ಮಾರ್ಗದರ್ಶಿಗಳು ಸುತ್ತಾಡಿಸುತ್ತಾರೆ, ಅದಕ್ಕೂ ಮೊದಲೇ ಹೇಳಿಡಬೇಕು.

ಮೊಸಳೆ ಜಾತಿಯ ಆಲಿಗೇಟರ್ ಕೆರೆಯಲ್ಲಿದೆ. ಮೂವತ್ತು ಅಡಿ ದೂರ ಇಟ್ಟುಕೊಂಡರೆ ಅದು ತನ್ನ ಪಾಡಿಗೆ ಇರುತ್ತದೆ, ಬುಸ್ಸೆಂದರೆ ನೀವು ಹತ್ತಿರ ಬಂದಿರಿ ಎಂದರ್ಥ. ಅದಕ್ಕೆ ತಿನ್ನಲು ಹಾಕುವುದು ಅಪರಾಧ. ಈಜಲು ಇಳಿಯಬೇಡಿ. ಕಾಟನ್‌ಮೌತ್ ಎಂಬ ವಿಷದ ಹಾವು ನೀರಿನಂಚಿನ ದಿಮ್ಮಿಗಳ ಮೇಲೆ ಮಲಗುತ್ತದೆ. ಆದರೆ ನಿಜವಾಗಿ ಕಾಡುವುದು ಕಣ್ಣಿಗೆ ಕಾಣದ ಚಿಗರ್ ಎಂಬ ಹುಳು. ಮರದಿಂದ ಜೋತುಬಿದ್ದ ಬೂದು ಜಡೆಯ ಹೆಸರು ಸ್ಪ್ಯಾನಿಷ್ ಮಾಸ್. ಅದು ಸ್ಪೇನಿನದ್ದೂ ಅಲ್ಲ, ಪಾಚಿಯೂ ಅಲ್ಲ, ಅನಾನಸ್ ಕುಟುಂಬದ ಗಿಡ. ಮರದ ರಸ ಹೀರುವ ಬಂದಳಿಕೆಯೂ ಅಲ್ಲ. ಮೇಲಿರುವಾಗ ಅದರಿಂದ ತೊಂದರೆಯಿಲ್ಲ. ನೆಲಕ್ಕೆ ಬಿದ್ದ ಜಡೆಯಲ್ಲಿ ಚಿಗರ್ ಸೇರಿಕೊಂಡಿರಬಹುದು, ಮೆತ್ತಗಿದೆ ಎಂದು ಅದರ ಮೇಲೆ ಕೂತರೆ ಮರುದಿನ ಕಾಲು, ಸೊಂಟದ ಸುತ್ತ ಕೆಂಪು ಗುಳ್ಳೆ ಎದ್ದು ವಾರವೆಲ್ಲ ತುರಿಕೆ. ಉದ್ದ ಪ್ಯಾಂಟು ಹಾಕಿ, ಅದರ ಕಾಲನ್ನು ಕಾಲುಚೀಲದೊಳಗೆ ಸೇರಿಸಿ.

ಮೀನು ಹಿಡಿಯುವವರಿಗೆ: ಪಾರ್ಕಿನ ದಡದಿಂದ ಅಥವಾ ಕಟ್ಟೆಯಿಂದ ಗಾಳ ಹಾಕಲು ಲೈಸೆನ್ಸ್ ಬೇಡ, ದೋಣಿಯಿಂದ ಹಾಕಲು ಬೇಕು. ಈ ಕೆರೆಯ ಬಾಸ್ ಮುಂತಾದ ಕೆಲವು ಮೀನುಗಳಲ್ಲಿ ಪಾದರಸ ಇರುವುದರಿಂದ ಎಷ್ಟು ತಿನ್ನಬಹುದು ಎಂಬ ಸರಕಾರಿ ಸೂಚನೆಯಿದೆ. ಸಾರು ಮಾಡುವ ಮೊದಲು ಅದನ್ನು ಓದಿಕೊಳ್ಳಿ. ಊಟಕ್ಕೆ ಚಪಾತಿ ಸುರುಳಿ, ಪುಳಿಯೋಗರೆಯೇ ಸೈ. ಚಿತ್ರಾನ್ನದ ಡಬ್ಬಿಯನ್ನು ಡೇರೆಯಲ್ಲಿಟ್ಟರೆ ರಾತ್ರಿ ರಕೂನ್ ಬಂದು ಮುಚ್ಚಳ ತೆಗೆದೇ ತಿನ್ನುತ್ತದೆ, ಕಾರಿನಲ್ಲಿಟ್ಟು ಬಾಗಿಲು ಹಾಕಿ. ಕಾಡಿನಲ್ಲಿ ಬಿದ್ದ ಕಟ್ಟಿಗೆ ಆರಿಸುವ ಹಾಗಿಲ್ಲ, ಸೌದೆ ಕೊಂಡು ತರಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮೌನದ ಹೊತ್ತು. ನಮ್ಮ ಗುಂಪುಗಳ ಮೇಲೆ ಪಕ್ಕದ ಡೇರೆಯವರ ದೂರು ಬರುವುದಿದ್ದರೆ ಇದೊಂದಕ್ಕೇ. ಬ್ಲೂಟೂತ್ ಸ್ಪೀಕರನ್ನು ಮನೆಯಲ್ಲೇ ಬಿಟ್ಟು ಬಂದವರಿಗೆ ಬಾರ್ಡ್ ಗೂಬೆ ಎಂಟು ಸ್ವರದಲ್ಲಿ ಕೂಗುವುದು ಕೇಳಿಸುತ್ತದೆ.

ಕೊನೆಗೆ, ಬರಹದ ಅರ್ಧ ಜಾಗ ಬೇಡುವ ಒಂದು ಕಳೆ. ಪಾರ್ಕಿನ ಹಿನ್ನೀರಿನಲ್ಲಿ ಕೆಲವೊಮ್ಮೆ ಹಸಿರು ಚಾಪೆ ಹಾಸಿದಂತೆ ಕಾಣುತ್ತದೆ. ಹುಲ್ಲುನೆಲವೆಂದು ಮಕ್ಕಳು ಕಾಲಿಟ್ಟದ್ದೇ ಆದರೆ ಸೀದಾ ನೀರಿಗೆ. ಅದು ಜಯಂಟ್ ಸಾಲ್ವಿನಿಯ, ಆಗ್ನೇಯ ಬ್ರೆಜಿಲಿನ ತೇಲುವ ಜರಿಗಿಡ. ಕೇರಳದವರು ಆಫ್ರಿಕನ್ ಪಾಯಲ್ ಎಂದು ಶಪಿಸುವುದು ಇದನ್ನೇ. ಒಂದು ಎಲೆ ಎತ್ತಿ ಕಣ್ಣ ಹತ್ತಿರ ಹಿಡಿದರೆ ಮೇಲೆಲ್ಲ ನವಿರಾದ ರೋಮ ಕಾಣುತ್ತದೆ. ಪ್ರತಿ ರೋಮದ ತುದಿ ನಾಲ್ಕಾಗಿ ಸೀಳಿ ಮತ್ತೆ ಒಂದಾಗಿರುತ್ತದೆ, ಮೊಟ್ಟೆ ಕಲಸುವ ತಂತಿಯ ಕಡಗೋಲಿನ ಹಾಗೆ. ಅದರ ನಡುವೆ ಗಾಳಿ ನಿಲ್ಲುವುದರಿಂದ ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ಉರುಳಿಹೋಗುತ್ತದೆ, ಎಲೆ ನೆನೆಯುವುದಿಲ್ಲ. ಕಳೆನಾಶಕ ಸಿಂಪಡಿಸಿದರೂ ಸುಲಭಕ್ಕೆ ಹತ್ತದಿರುವುದು ಇದಕ್ಕೇ. ಬೆಚ್ಚಗಿನ ನೀರಿನಲ್ಲಿ ವಾರದೊಳಗೆ ಇಮ್ಮಡಿಯಾಗುತ್ತದೆ. ಚಾಪೆ ಕಟ್ಟಿತೆಂದರೆ ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ, ಮೀನಿಗೆ ಉಸಿರಿಲ್ಲ. ಹುಟ್ಟು ಹಾಕಿದರೆ ನೀರು ಸಿಗದೆ ಬರೀ ಕಳೆ ಮೇಲೆ ಬರುತ್ತದೆ. ಅಂಥ ಕಡೆ ನುಗ್ಗದೆ ಹಿಂತಿರುಗಿ.

ಕ್ಯಾಡೋದಲ್ಲಿ ಇದು ಕಂಡದ್ದು 2006ರಲ್ಲಿ. ಈಗ ಅದನ್ನು ತಿನ್ನುವ ಪುಟ್ಟ ಸೊಂಡಿಲ ಹುಳುವನ್ನು ಗಾಜಿನಮನೆಯಲ್ಲಿ ಸಾಕಿ ಕೆರೆಗೆ ಬಿಡುತ್ತಾರೆ. ದೊಡ್ಡ ಹುಳು ಮೊಗ್ಗು ಕಡಿಯುತ್ತದೆ, ಮರಿಹುಳು ದಂಟಿನೊಳಗೆ ಸುರಂಗ ಕೊರೆಯುತ್ತದೆ, ಚಾಪೆ ಕಂದಾಗಿ ಮುಳುಗುತ್ತದೆ. ಇದೇ ಹುಳುವನ್ನು ನಮ್ಮಲ್ಲಿ 1983-84ರಲ್ಲೇ ಬಿಟ್ಟಿದ್ದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಮಾಡಿದ ಪ್ರಯೋಗ ಅದು. ವರ್ಷ ತುಂಬುವ ಮೊದಲೇ ಕೊಳ ತಿಳಿಯಾಯಿತು. ಕ್ಯಾಡೋದಲ್ಲಿ ಅದೇ ಕೆಲಸ ವರ್ಷವರ್ಷವೂ ಹೊಸದಾಗಿ ಶುರುವಾಗುತ್ತದೆ. ಹುಳು ಉಷ್ಣವಲಯದ್ದು, ಅಲ್ಲಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಸಾಯುತ್ತದೆ. ಕಳೆಯ ಒಂದೆರಡು ಮೊಗ್ಗು ಚಾಪೆಯ ಅಡಿಯಲ್ಲಿ ಹೇಗೋ ಬದುಕಿ ಮಾರ್ಚಿಗೆ ಮತ್ತೆ ಹರಡುತ್ತದೆ.

ಆದ್ದರಿಂದ ಸ್ವಂತ ದೋಣಿ, ಗಾಳಿ ತುಂಬುವ ಕಯಾಕ್ ಒಯ್ಯುವವರು ನೀರಿನಿಂದ ಎತ್ತಿದ ಜಾಗದಲ್ಲೇ ಒಳಗಿನ ನೀರನ್ನೆಲ್ಲ ಚೆಲ್ಲಿ, ತಳ ಒರೆಸಿ, ಮುಂದಿನ ಕೆರೆಗೆ ಇಳಿಸುವ ಮೊದಲು ಒಣಗಿಸಬೇಕು. ನೀರು ಚೆಲ್ಲದೆ ರಸ್ತೆಗಿಳಿಯುವುದು, ಈ ಕಳೆಯನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಟೆಕ್ಸಾಸಿನಲ್ಲಿ ದಂಡ ಬೀಳುವ ತಪ್ಪು. ತಳವನ್ನು ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಸೀಟಿನ ಅಡಿಯ ಮೂಲೆ, ಜಾಕೆಟ್ಟಿನ ಪಟ್ಟಿ, ಮಕ್ಕಳ ಸ್ಯಾಂಡಲಿನ ತಳ, ದೋಣಿ ಕಟ್ಟುವ ಹಗ್ಗದ ಗಂಟು. ಒದ್ದೆ ಗಂಟಿನೊಳಗೆ ಉಗುರಿನಷ್ಟು ಮೊಗ್ಗು ಸಿಕ್ಕಿಕೊಂಡಿದ್ದರೂ ಡಲ್ಲಾಸಿನ ತನಕ ಜೀವ ಹಿಡಿದಿರುತ್ತದೆ. ಗಂಟು ಬಿಚ್ಚಿ ನೋಡಿ.

ಇಂತಿ,
ಡಲ್ಲಾಸ್ ಕಡೆಯ ಕೆಲವು ಓದುಗರು